ಸೋಮವಾರ, ಬುಧವಾರ, ಶುಕ್ರವಾರ

ವಿಮಾನ ಹಾರಿಸುವವರ ಲೋಕದಲ್ಲಿ ಮನುಷ್ಯನಿಗೆ ಎರಡು ಗುರುತು. ಒಂದು ಹೆತ್ತವರು ಇಟ್ಟ ಹೆಸರು, ಇನ್ನೊಂದು ಕಂಪನಿ ಕೊಟ್ಟ ನಂಬರು. ಹೆಸರನ್ನು ಹೆಂಡತಿ ಮಕ್ಕಳು ನೆನಪಿಟ್ಟುಕೊಂಡರೆ ಸಾಕು. ನಂಬರು ಮಾತ್ರ ಸ್ನಾನದ ಮನೆಯಲ್ಲೂ ಬಾಯಿಗೆ ಬರಬೇಕು. ಯಾವ ಊರಿನಿಂದ ಹೊರಡುವುದು, ಯಾವ ವಿಮಾನ, ವಾರದಲ್ಲಿ ಯಾವ ದಿನ ರಜೆ, ಕ್ರಿಸ್‌ಮಸ್ ಹಬ್ಬದ ಊಟ ಮನೆಯಲ್ಲೋ ಯಾವುದೋ ವಿಮಾನ ನಿಲ್ದಾಣದ ಬೆಂಚಿನ ಮೇಲೋ, ಎಲ್ಲವನ್ನೂ ಅದೇ ತೀರ್ಮಾನಿಸುತ್ತದೆ. ಮೇಲಿನ ನಂಬರಿನವನು ಬೇಕಾದ್ದನ್ನು ಬಡಿಸಿಕೊಂಡ ಮೇಲೆ ಪಾತ್ರೆ ಕೆಳಗಿನವನ ಕಡೆ ಸರಿಯುತ್ತದೆ. ಜಾಣತನ, ಒಳ್ಳೆಯತನ, ಮನೆಯ ಕಷ್ಟ ಯಾವುದೂ ಇಲ್ಲಿ ನಡೆಯುವುದಿಲ್ಲ. ನಂಬರು ಮೇಲೇರಬೇಕಾದರೆ ಮೇಲಿನ ಯಾರಾದರೂ ಅರವತ್ತೈದು ತುಂಬಿ ನಿವೃತ್ತರಾಗಬೇಕು, ಕೆಲಸ ಬಿಡಬೇಕು, ಇಲ್ಲವೇ ಸಾಯಬೇಕು. ಆದ್ದರಿಂದ ಪೈಲಟ್ಟುಗಳು ಹಿರಿಯರ ಬೀಳ್ಕೊಡುಗೆಯಲ್ಲಿ ಬಹಳ ಜೋರಾಗಿ ಚಪ್ಪಾಳೆ ಹೊಡೆಯುತ್ತಾರೆ.

ಎಮಿಲ್ ಹ್ರಿವ್ನಾಕ್‌ಗೆ ದೊಡ್ಡ ಕಂಪನಿಯ ನಂಬರು ಸಿಕ್ಕಿದ್ದು ಐವತ್ಮೂರನೆಯ ವಯಸ್ಸಿನಲ್ಲಿ. ಆ ವಯಸ್ಸಿಗೆ ಉಳಿದವರು ನಂಬರನ್ನು ಅನುಭವಿಸುತ್ತಿರುತ್ತಾರೆ. ಎಮಿಲ್ ಇಪ್ಪತ್ನಾಲ್ಕು ವರ್ಷ ಪಿಟ್ಸ್‌ಬರ್ಗಿನಿಂದ ಮೂವತ್ನಾಲ್ಕು ಸೀಟಿನ ಪಂಖ ತಿರುಗುವ ವಿಮಾನ ಹಾರಿಸಿದ್ದ. ಕಲ್ಲಿದ್ದಲಿನ ಊರುಗಳಿಗೆ, ಕಾಲೇಜಿನ ಊರುಗಳಿಗೆ, ಹೆಸರು ಹೇಳಿದರೆ ಹವಾಮಾನ ಇಲಾಖೆಯವರೂ ಎಲ್ಲಿದೆ ಎಂದು ಕೇಳುವ ಊರುಗಳಿಗೆ. ಆ ಪುಟ್ಟ ಕಂಪನಿಯಲ್ಲಿ ಅವನು ಕ್ಯಾಪ್ಟನ್. ಭುಜದ ಮೇಲೆ ನಾಲ್ಕು ಪಟ್ಟಿ. ಅವನ ಪಕ್ಕದಲ್ಲಿ ಕುಳಿತು ಕೆಲಸ ಕಲಿತ ಹುಡುಗರು ಒಬ್ಬೊಬ್ಬರಾಗಿ ದೊಡ್ಡ ಕಂಪನಿಗಳಿಗೆ ಹೋದರು. ಆಮೇಲೆ ನಿಲ್ದಾಣದ ಹಾದಿಯಲ್ಲಿ ಸಿಕ್ಕಾಗಲೆಲ್ಲ ಬೆನ್ನು ತಟ್ಟಿ, ಇನ್ನೂ ಅಲ್ಲೇ ಇದ್ದೀರಾ ಎಂದು ಕೇಳುತ್ತಿದ್ದರು. ಎಮಿಲ್ ನಗುತ್ತಿದ್ದ. ಮನೆಗೆ ಬಂದು ಹುಲ್ಲು ಕತ್ತರಿಸುವ ಯಂತ್ರವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಓಡಿಸುತ್ತಿದ್ದ.

ಅವನ ಹೆಂಡತಿ ಲೊರೇನ್ ಪಿಟ್ಸ್‌ಬರ್ಗಿನ ಪಕ್ಕದ ಕೊರಾಪೊಲಿಸ್‌ನ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದಳು. ಮುನ್ನೂರು ಮಕ್ಕಳಿಗೆ ಸಾರು ಬಡಿಸಿ ಬಡಿಸಿ ಅವಳಿಗೆ ಯಾರ ದರ್ಪಕ್ಕೂ ಬೆಲೆ ಕೊಡದ ಅಭ್ಯಾಸವಾಗಿತ್ತು. ಗಂಡನನ್ನು ಖುಷಿಯಾದಾಗ ಎಮಿಲ್ ಎಂದೂ ಅವನು ಜಂಬ ಕೊಚ್ಚಿದಾಗ ಕ್ಯಾಪ್ಟನ್ ಎಂದೂ ಕರೆಯುತ್ತಿದ್ದಳು. ಮಕ್ಕಳಿರಲಿಲ್ಲ. ಐವತ್ತು ದಾಟಿದ ಮೇಲೆ ಅವಳ ಮೂತ್ರಪಿಂಡಗಳು ಕೈಕೊಟ್ಟವು. ಆ ವರ್ಷದ ಚಳಿಗಾಲದಿಂದ ವಾರಕ್ಕೆ ಮೂರು ದಿನ, ಸೋಮವಾರ, ಬುಧವಾರ, ಶುಕ್ರವಾರ, ನಾಲ್ಕು ನಾಲ್ಕು ಗಂಟೆ ಯಂತ್ರಕ್ಕೆ ಕೈ ಕೊಟ್ಟು ಡಯಾಲಿಸಿಸ್ ಮಾಡಿಸಿಕೊಳ್ಳಬೇಕಾಯಿತು. ಮುಗಿಸಿ ಹೊರಬರುವಾಗ ಒಗೆದು ಹಿಂಡಿದ ಬಟ್ಟೆಯಂತಾಗಿರುತ್ತಿದ್ದಳು. ತಾನೇ ಕಾರು ಓಡಿಸಿಕೊಂಡು ಬರುವ ಮಾತೇ ಇಲ್ಲ. ಎಮಿಲ್ ಕರೆದುಕೊಂಡು ಹೋಗುತ್ತಿದ್ದ. ಸೂಜಿ ಚುಚ್ಚುವಾಗ ಅವಳು ಅತ್ತ ತಿರುಗಿ ಅವನ ಹೆಬ್ಬೆರಳನ್ನು ಹಿಡಿದುಕೊಳ್ಳುತ್ತಿದ್ದಳು. ಅಷ್ಟೇ ಅವನ ಕೆಲಸ. ಆದರೆ ಆ ಕೆಲಸಕ್ಕೆ ಬೇರೆ ಹೆಬ್ಬೆರಳು ನಡೆಯುತ್ತಿರಲಿಲ್ಲ.

ಮುಂದಿನ ವಸಂತದಲ್ಲಿ ಆ ಪುಟ್ಟ ಕಂಪನಿ ಮುಚ್ಚಿತು. ಬೇಸಿಗೆಯ ಕೊನೆಗೆ ದೊಡ್ಡ ಕಂಪನಿಯೊಂದು ಎಮಿಲ್‌ನನ್ನು ಕರೆಯಿತು. ಅಲ್ಲಿ ಅವನು ಕ್ಯಾಪ್ಟನ್ ಅಲ್ಲ, ಬಲಗಡೆ ಸೀಟಿನಲ್ಲಿ ಕೂರುವ ಸಹಚಾಲಕ, ಹೊಸಬ. ಭುಜದ ಪಟ್ಟಿ ನಾಲ್ಕರಿಂದ ಮೂರಕ್ಕೆ ಇಳಿಯಿತು. ಅದನ್ನು ಅವನು ನುಂಗಿಕೊಂಡ, ಏಕೆಂದರೆ ಆ ಕಂಪನಿಗೆ ಪಿಟ್ಸ್‌ಬರ್ಗಿನಲ್ಲಿ ಒಂದು ಸಣ್ಣ ನೆಲೆ ಇತ್ತು. ಹೊರಡುವ ದಿನ ಲೊರೇನ್‌ಗೆ ಮಾತು ಕೊಟ್ಟ. ಪಿಟ್ಸ್‌ಬರ್ಗ್ ಹಿಡಿಯುತ್ತೇನೆ, ಸಣ್ಣ ವಿಮಾನವೇ ಆಗಲಿ, ತಿಂಗಳ ಬೇಡಿಕೆಯಲ್ಲಿ ನಿನ್ನ ಮೂರು ದಿನ ರಜೆ ಕೇಳಿಕೊಳ್ಳುತ್ತೇನೆ, ಮೊದಮೊದಲು ಒಂದೆರಡು ತಪ್ಪಿದರೂ ಸಂಜೆಗಂತೂ ಮನೆಯಲ್ಲಿರುತ್ತೇನೆ.

"ಅಲ್ಲಿ ಹೋಗಿ ಕ್ಯಾಪ್ಟನ್ ಆಗಬೇಡ," ಎಂದಳು ಅವಳು. "ಎಮಿಲ್ ಆಗಿ ವಾಪಸ್ ಬಾ, ಸಾಕು."

ತರಬೇತಿ ನಡೆದದ್ದು ಸೇಂಟ್ ಲೂಯಿಸ್‌ನಲ್ಲಿ. ತರಗತಿಯಲ್ಲಿ ಹದಿನೆಂಟು ಜನ. ಒಂದೇ ದಿನ ಸೇರಿದವರೊಳಗೆ ಯಾರು ಮೇಲೆ, ಯಾರು ಕೆಳಗೆ ಎಂಬುದಕ್ಕೆ ಆ ಕಂಪನಿಯಲ್ಲಿ ವಯಸ್ಸೇ ಅಳತೆ. ಎಲ್ಲರಿಗಿಂತ ಹಿರಿಯನಿಗೆ ಮೊದಲ ನಂಬರು, ಎಲ್ಲರಿಗಿಂತ ಚಿಕ್ಕವರಿಗೆ ಕೊನೆಯದು. ಮೊದಲನೆಯ ಬೆಳಿಗ್ಗೆಯೇ ಎಲ್ಲರೂ ಕಾಫಿ ಲೋಟ ಹಿಡಿದು ಪರಸ್ಪರರ ಕೂದಲು ನೋಡಿ ಅಂದಾಜು ಹಾಕಿದರು. ಹೆಚ್ಚು ಹೊತ್ತು ಬೇಕಾಗಲಿಲ್ಲ. ಎಮಿಲ್ ಮೊದಲನೆಯವನು. ಇಪ್ಪತ್ನಾಲ್ಕು ವರ್ಷದಲ್ಲಿ ಯಾವುದರಲ್ಲೂ ಮೊದಲಾಗದಿದ್ದವನು ಹುಟ್ಟಿದ ದಿನಾಂಕದ ಬಲದಿಂದ ಮೊದಲನೆಯವನಾದ. ಹುಡುಗರು ಅವನನ್ನು ತಾತ ಎಂದು ಕರೆಯತೊಡಗಿದರು. ಅದರಲ್ಲಿ ತಮಾಷೆ ಎಷ್ಟಿತ್ತೋ ಹೊಟ್ಟೆಕಿಚ್ಚೂ ಅಷ್ಟೇ ಇತ್ತು. ಎಮಿಲ್‌ಗೆ ಎರಡೂ ರುಚಿಸಿದವು. ಹೆಂಡತಿಯ ಕಾಯಿಲೆಯ ವಿಷಯ ಅವನು ಯಾರಿಗೂ ಹೇಳಲಿಲ್ಲ. ಮೊದಲ ನಂಬರಿನವನ ಮನೆಯಲ್ಲಿ ಕಾಯಿಲೆ ಇರುವುದು ಶೋಭಿಸುವುದಿಲ್ಲವೆಂದು ಅವನಿಗೆ ಅನ್ನಿಸಿರಬೇಕು.

ಅಲ್ಲಿಯ ಪದ್ಧತಿಯಂತೆ ವಾರದ ಕೊನೆಯ ದಿನ ಖಾಲಿ ಜಾಗಗಳ ಪಟ್ಟಿಯನ್ನು ಗೋಡೆಗೆ ಹಾಕುತ್ತಾರೆ. ನಂಬರಿನ ಪ್ರಕಾರ ಒಬ್ಬೊಬ್ಬರೇ ಎದ್ದು ನಿಂತು ತಮಗೆ ಬೇಕಾದ್ದನ್ನು ಗಟ್ಟಿಯಾಗಿ ಹೇಳಬೇಕು. ಹೇಳಿದ ಮೇಲೆ ಎಲ್ಲರೂ ಚಪ್ಪಾಳೆ ತಟ್ಟಬೇಕು. ಹಾರ್ಲನ್ ಟೀಗ್ ಎಂಬ ಮುದಿ ಕ್ಯಾಪ್ಟನ್ ಕೆಂಪು ಪೆನ್ನಿನಿಂದ ಆ ಜಾಗಕ್ಕೆ ಗೆರೆ ಎಳೆಯುತ್ತಾನೆ. ಅಂದಿನ ಪಟ್ಟಿಯಲ್ಲಿ ಚಿಕಾಗೊಗೆ ಒಂಬತ್ತು, ಡೆನ್ವರ್‌ಗೆ ಆರು, ನ್ಯೂಯಾರ್ಕಿನಲ್ಲಿ ಸಮುದ್ರ ದಾಟುವ ದೊಡ್ಡ ವಿಮಾನಕ್ಕೆ ಎರಡು ಜಾಗವಿದ್ದವು. ಎಲ್ಲಕ್ಕಿಂತ ಕೆಳಗೆ, ಪುಟದ ಅಂಚಿನಲ್ಲಿ, ಸಣ್ಣ ವಿಮಾನ, ಪಿಟ್ಸ್‌ಬರ್ಗ್, ಒಂದು.

ಎಮಿಲ್ ಅದನ್ನು ಕಂಡು ಉಸಿರು ಬಿಟ್ಟ. ಕೆಲಸ ಮುಗಿದಂತೆಯೇ. ಮಧ್ಯಾಹ್ನದ ಊಟದಲ್ಲಿ ಲೊರೇನ್‌ಗೆ ಫೋನು ಮಾಡಿ ಹೇಳಿಬಿಡೋಣವೆಂದೂ ಯೋಚಿಸಿದ. ಆದರೆ ಗೆರೆ ಬಿದ್ದ ಮೇಲೆ ಹೇಳಿದರೆ ಚೆನ್ನ ಎಂದು ಸುಮ್ಮನಾದ. ಎದುರಿಗೆ ಕುಳಿತಿದ್ದವನು ಡ್ವೇನ್ ಕಿಂಬ್ರೋ. ಐವತ್ತೊಂದರವನು, ತರಗತಿಯ ಎರಡನೇ ನಂಬರು, ಹಿಂದೆ ವಾಯುಸೇನೆಯಲ್ಲಿ ಯುದ್ಧವಿಮಾನ ಹಾರಿಸಿದವನು. ಅದನ್ನು ಅವನು ಉಪ್ಪಿನ ಡಬ್ಬಿ ಕೇಳುವಾಗಲೂ ತಿಳಿಸುತ್ತಿದ್ದ.

"ತಾತ, ಪಿಟ್ಸ್‌ಬರ್ಗ್ ತಗೋತೀಯಂತೆ," ಎಂದ ಡ್ವೇನ್, ಬ್ರೆಡ್ಡು ಅಗಿಯುತ್ತ. "ಒಳ್ಳೇದೇ ಬಿಡು. ನಿನಗೆ ಸಣ್ಣದೇ ಅಭ್ಯಾಸ. ಇಷ್ಟು ವಯಸ್ಸಾದ ಮೇಲೆ ದೊಡ್ಡದನ್ನ ಹತ್ತಿದ್ರೆ ಏಣಿ ಮೇಲೇ ಉಸಿರು ನಿಂತೀತು."

ಮೇಜಿನ ಸುತ್ತ ಇದ್ದವರು ನಕ್ಕರು. ಕೆಟ್ಟ ನಗೆಯೇನಲ್ಲ. ಎಮಿಲ್ ಕೂಡ ನಕ್ಕ, ಆದರೆ ಅಲ್ಲಿ ಹುಲ್ಲು ಕತ್ತರಿಸುವ ಯಂತ್ರ ಇರಲಿಲ್ಲ.

ಎರಡು ಗಂಟೆಗೆ ಟೀಗ್ ಅವನ ಹೆಸರು ಕರೆದ. ಎಮಿಲ್ ಎದ್ದು ನಿಂತು ಕೋಟಿನ ಗುಂಡಿ ಹಾಕಿಕೊಂಡ. ಹದಿನೇಳು ಮುಖಗಳು ಅವನ ಕಡೆ ತಿರುಗಿದವು. ಪಟ್ಟಿ ಇನ್ನೂ ಒಂದೂ ಗೆರೆ ಬೀಳದೆ ಬಿಳಿಯಾಗಿತ್ತು. ಇಡೀ ಜೀವಮಾನದಲ್ಲಿ ಯಾವುದೇ ಪಟ್ಟಿ ಅವನ ಮುಂದೆ ಹಾಗೆ ಬಂದಿರಲಿಲ್ಲ. ಯಾವಾಗಲೂ ಯಾರೋ ಕಚ್ಚಿ ಉಳಿಸಿದ್ದನ್ನು ಅವನು ತಿಂದದ್ದು. ಬಾಯಿ ತೆರೆಯುವ ತನಕ ಅವನ ಮನಸ್ಸಿನಲ್ಲಿ ಪಿಟ್ಸ್‌ಬರ್ಗೇ ಇತ್ತು. ಆಮೇಲೆ ಅವನೇ ಎಷ್ಟೋ ಸಲ ಹಾಗೆಂದು ತನಗೆ ತಾನೇ ಹೇಳಿಕೊಂಡಿದ್ದಾನೆ.

"ದೊಡ್ಡ ವಿಮಾನ," ಎಂದ. "ನ್ಯೂಯಾರ್ಕ್."

ಚಪ್ಪಾಳೆ ಬಿತ್ತು, ಆ ಮಧ್ಯಾಹ್ನದ ಎಲ್ಲ ಚಪ್ಪಾಳೆಗಿಂತ ಜೋರಾಗಿ. ಡ್ವೇನ್ ಎರಡನೆಯ ದೊಡ್ಡ ಜಾಗ ತೆಗೆದುಕೊಂಡ. ಎಮಿಲ್ ಪಟ್ಟಿಯ ಕೆಳತುದಿಯನ್ನೇ ನೋಡುತ್ತ ಕುಳಿತ. ಯಾರಾದರೂ ಪಿಟ್ಸ್‌ಬರ್ಗ್ ತೆಗೆದುಕೊಂಡುಬಿಟ್ಟರೆ, ಅದು ಹೇಗೂ ತನಗೆಂದು ಉಳಿದಿದ್ದಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಮೂರನೆಯವನು ಚಿಕಾಗೊ ಎಂದ. ನಾಲ್ಕನೆಯವನು ಡೆನ್ವರ್. ಹತ್ತನೆಯವನು, ಹದಿಮೂರನೆಯವನು, ಹದಿನೇಳನೆಯವನು. ಯಾರಿಗೂ ಪಿಟ್ಸ್‌ಬರ್ಗ್ ಬೇಡ. ಕೊನೆಗೆ ಉಳಿದವಳು ಬ್ರೀ ಟಾಲ್ಬಟ್, ಇಪ್ಪತ್ತಾರರ ಹುಡುಗಿ, ಅರಿಜೋನಾದ ಮರಳುಗಾಡಿನವಳು. ಅವಳಿಗೆ ಆರಿಸಲು ಏನೂ ಇರಲಿಲ್ಲ. ಎದ್ದು ನಿಂತು ಉಳಿದದ್ದರ ಹೆಸರು ಹೇಳಿ, ಕೂತು, ಟೋಪಿಯಿಂದ ಮುಖ ಮುಚ್ಚಿಕೊಂಡು ಅತ್ತಳು.

ಎಮಿಲ್ ಟೀಗ್‌ನನ್ನು ಹೊರಗೆ ಹಿಡಿದು, ಇಬ್ಬರು ಒಪ್ಪಿದರೆ ಜಾಗ ಅದಲುಬದಲು ಮಾಡಬಹುದೇ ಎಂದು ಕೇಳಿದ. ಟೀಗ್ ಮೂವತ್ತು ವರ್ಷದಲ್ಲಿ ಆ ಪ್ರಶ್ನೆಯನ್ನು ಎಲ್ಲ ತರಗತಿಯಲ್ಲೂ ಕೇಳಿಸಿಕೊಂಡವನು.

"ನಿನ್ನ ಹಿಂದಿರೋ ಹದಿನೇಳು ಜನ ನೀನು ಹೇಳಿದ್ದು ಕೇಳಿ ಆಮೇಲೆ ಆರಿಸಿದ್ದಾರೆ," ಎಂದ. "ನೀನು ಜಾಗ ಬಿಟ್ಟರೆ ಅದು ಮೂರನೆಯವನಿಗೆ ಹೋಗ್ಬೇಕು, ಆ ಹುಡುಗಿಗಲ್ಲ. ಎರಡು ವರ್ಷ ಬೀಗ, ಹ್ರಿವ್ನಾಕ್. ಆಮೇಲೆ ಎಲ್ಲಿಗೆ ಬೇಕಾದ್ರೂ ಕೇಳ್ಕೋ."

ಎರಡು ವರ್ಷ ಎಂದರೆ ಕಂಪನಿ ಒಬ್ಬನಿಗೆ ದೊಡ್ಡ ವಿಮಾನ ಕಲಿಸಿದ ಮೇಲೆ ಅವನು ಆ ಸೀಟು ಬಿಡುವಂತಿಲ್ಲ ಎಂಬ ಕರಾರು. ಅದೂ ಪಟ್ಟಿಯ ಕೆಳಗೆ ಬರೆದೇ ಇತ್ತು. ಎಮಿಲ್ ಓದಿಯೂ ಇದ್ದ.

ಹೋಟೆಲಿನ ಕೋಣೆಗೆ ಹೋಗಿ ಲೊರೇನ್‌ಗೆ ಫೋನು ಮಾಡಿದ. ಏನು ಹೇಳಬೇಕೆಂದು ಯೋಚಿಸಿರಲಿಲ್ಲ. ಪಿಟ್ಸ್‌ಬರ್ಗ್ ಈ ಸಲ ಪಟ್ಟಿಯಲ್ಲೇ ಇರಲಿಲ್ಲ ಎಂಬ ಮಾತು ತಾನಾಗಿ ಹೊರಬಂತು, ವಿಮಾನ ತಡವಾದಾಗ ಪ್ರಯಾಣಿಕರಿಗೆ ಹೇಳುವ ಅದೇ ನಯವಾದ ದನಿಯಲ್ಲಿ. ನ್ಯೂಯಾರ್ಕ್ ಸಿಕ್ಕಿದೆ, ದೊಡ್ಡದು, ಒಳಗೆ ಸೀಟುಗಳ ನಡುವೆ ಎರಡು ಓಣಿ ಇರುವಂಥದ್ದು ಎಂದ.

"ಎರಡು ಓಣಿಯಾ," ಎಂದಳು ಲೊರೇನ್. "ಒಂದ್ರಲ್ಲಿ ಹೋಗಿ ಇನ್ನೊಂದ್ರಲ್ಲಿ ಬೇಗ ಬಂದುಬಿಡು. ನಾನು ವ್ಯಾನಿನೋರಿಗೆ ಹೇಳ್ತೀನಿ."

ರೋಗಿಗಳನ್ನು ಹೊತ್ತೊಯ್ಯುವ ಆ ವ್ಯಾನು ಬಂದರೆ ಬಂತು, ಇಲ್ಲವಾದರೆ ಇಲ್ಲ.

ಹೊಸಬರಿಗೆ ದೊಡ್ಡ ವಿಮಾನ ಸಿಗುವುದು ಬೇರೆ, ಅದರಲ್ಲಿ ಹಾರುವುದು ಬೇರೆ. ನ್ಯೂಯಾರ್ಕಿನ ದೊಡ್ಡ ವಿಮಾನದ ಪಟ್ಟಿಯಲ್ಲಿ ಎಮಿಲ್ ಕೊನೆಯಿಂದ ಎರಡನೆಯವನು, ಅವನಿಗಿಂತ ಕೆಳಗೆ ಡ್ವೇನ್ ಒಬ್ಬ. ಪ್ರತಿ ತಿಂಗಳು ಎಲ್ಲರೂ ತಮಗೆ ಬೇಕಾದ ಪ್ರಯಾಣ, ಬೇಕಾದ ರಜೆ ಬರೆದು ಕಳಿಸುತ್ತಾರೆ; ಕಂಪ್ಯೂಟರು ಮೇಲಿನಿಂದ ಶುರುಮಾಡಿ ಹಂಚುತ್ತ ಬರುತ್ತದೆ. ಎಮಿಲ್‌ನ ಹತ್ತಿರ ಬರುವ ಹೊತ್ತಿಗೆ ಲಂಡನ್ ಇಲ್ಲ, ರೋಮ್ ಇಲ್ಲ, ಭಾನುವಾರ ಇಲ್ಲ, ಸೋಮವಾರವೂ ಇಲ್ಲ. ಉಳಿದದ್ದು ಕಾಯುವ ಕೆಲಸ. ಯಾರಿಗಾದರೂ ಜ್ವರ ಬಂದರೆ ಎರಡು ಗಂಟೆಯೊಳಗೆ ವಿಮಾನ ನಿಲ್ದಾಣದಲ್ಲಿ ಹಾಜರಿರಬೇಕು, ಆದ್ದರಿಂದ ಪಿಟ್ಸ್‌ಬರ್ಗಿನಲ್ಲಿ ಕೂತು ಕಾಯುವ ಹಾಗಿಲ್ಲ. ದೊಡ್ಡ ವಿಮಾನದ ಹಿರಿಯರಿಗೆ ಜ್ವರವೂ ಬರುತ್ತಿರಲಿಲ್ಲ. ಅಷ್ಟು ವರ್ಷ ಕಾದು ಹಿಡಿದ ರೋಮ್ ಪ್ರಯಾಣವನ್ನು ಸೀನು ಬಂದಿತೆಂದು ಯಾರು ಬಿಡುತ್ತಾರೆ?

ಹೀಗಾಗಿ ಎಮಿಲ್ ನ್ಯೂಯಾರ್ಕಿನ ವಿಮಾನ ನಿಲ್ದಾಣದ ಹತ್ತಿರ, ಕ್ಯೂ ಗಾರ್ಡನ್ಸ್‌ನ ಒಂದು ಮನೆಯ ನೆಲಮಾಳಿಗೆಯಲ್ಲಿ, ಎಂಟು ಪೈಲಟ್ಟುಗಳು ಹಂಚಿಕೊಂಡಿದ್ದ ಕೋಣೆಯಲ್ಲಿ, ಅಟ್ಟಮಂಚದ ಮೇಲಿನ ಹಾಸಿಗೆಯಲ್ಲಿ ಕುಳಿತು ಕಾದ. ಕೆಳಗಿನ ಹಾಸಿಗೆ ಸಿಗಬೇಕಾದರೆ ಅಲ್ಲಿಯೂ ಹಿರಿತನ ಬೇಕು. ಇಸ್ತ್ರಿ ಮಾಡಿದ ಸಮವಸ್ತ್ರ ಮೊಳೆಗೆ ತೂಗುತ್ತಿತ್ತು. ವಿಮಾನ ಇಳಿಸುವ ಅಭ್ಯಾಸ ತಪ್ಪಬಾರದೆಂದು ಕಂಪನಿ ಮೂರು ತಿಂಗಳಿಗೊಮ್ಮೆ ಅವನನ್ನು ಸೇಂಟ್ ಲೂಯಿಸ್‌ಗೆ ಕರೆಸಿ, ನೆಲಕ್ಕೆ ಬೋಲ್ಟು ಹಾಕಿದ ನಕಲಿ ವಿಮಾನದಲ್ಲಿ ಮೂರು ಸಲ ಇಳಿಸಿ ಕಳಿಸುತ್ತಿತ್ತು. ಎರಡು ಓಣಿಯ ನಿಜವಾದ ವಿಮಾನದಲ್ಲಿ ಅವನು ಇಪ್ಪತ್ತೆರಡು ತಿಂಗಳಲ್ಲಿ ಹಾರಿದ್ದು ಹನ್ನೊಂದು ಸಲ. ಅದರಲ್ಲೂ ನಾಲ್ಕು ಸಲ, ಉಳಿದವರು ಹಾರಿಸುವಾಗ ಹಿಂದಿನ ಮಂಚದಲ್ಲಿ ಮಲಗುವ ಸರದಿ ಅವನದು.

ಲೊರೇನ್‌ಗೆ ಮಾತ್ರ ಈ ಹಿರಿತನದ ಲೆಕ್ಕ ಬೇಗ ಅರ್ಥವಾಯಿತು, ಏಕೆಂದರೆ ಡಯಾಲಿಸಿಸ್ ಕೇಂದ್ರದಲ್ಲೂ ಅದೇ ಇತ್ತು. ಹೊಸ ರೋಗಿಗಳಿಗೆ ಯಾರಿಗೂ ಬೇಡದ ಹೊತ್ತು, ಮಧ್ಯಾಹ್ನದ ಕೊನೆಯ ಪಾಳಿ, ಬಾಗಿಲ ಹತ್ತಿರ ಗಾಳಿ ಬಡಿಯುವ ಕುರ್ಚಿ. ಹಳಬರಿಗೆ ಬೆಳಗಿನ ಪಾಳಿ, ಕಿಟಕಿ ಪಕ್ಕದ ಕುರ್ಚಿ. ಕುರ್ಚಿ ಖಾಲಿಯಾಗುವುದು ಯಾರಿಗಾದರೂ ಹೊಸ ಮೂತ್ರಪಿಂಡ ಸಿಕ್ಕಾಗ. ಹೆಚ್ಚಾಗಿ ಇನ್ನೊಂದು ಕಾರಣಕ್ಕೆ. ಅವಳು ಫೋನಿನಲ್ಲಿ ವರದಿ ಒಪ್ಪಿಸುತ್ತಿದ್ದಳು. ಇವತ್ತು ಇಬ್ಬರನ್ನು ದಾಟಿದೆ. ಬೆಳಗಿನ ಪಾಳಿ ಬಂತು. ಬಾಗಿಲಿನಿಂದ ನಾಲ್ಕು ಕುರ್ಚಿ ಒಳಗೆ ಸರಿದಿದ್ದೇನೆ.

ಒಂದು ದಿನ ದನಿ ತಗ್ಗಿಸಿ ಹೇಳಿದಳು, "ಕಿಟಕಿ ಕುರ್ಚಿ ಸಿಕ್ಕಿತು, ಎಮಿಲ್. ಮಿಸೆಸ್ ಪಾವ್ಲಿಕ್ ಹೋದ್ರು. ನನಗೆ ಅಳು ಬಂತು, ಆಮೇಲೆ ಕಂಬಳಿ ತಗೊಂಡು ಓಡಿಹೋಗಿ ಕೂತೆ. ನಿಮ್ಮೋರಿಗೂ ಹಿಂಗೇ ಆಗುತ್ತಾ?"

ಹಾಗೇ ಆಗುತ್ತದೆ ಎಂದ ಎಮಿಲ್.

ಬ್ರೀ ಟಾಲ್ಬಟ್ ಅವರ ಮನೆಗೆ ಬಂದದ್ದು ಹೀಗೆ. ಪಿಟ್ಸ್‌ಬರ್ಗಿನಲ್ಲಿ ಒಬ್ಬರ ಪರಿಚಯವೂ ಇಲ್ಲದ ಅವಳು ತರಗತಿಯವರ ವಿಳಾಸದ ಹಾಳೆಯಲ್ಲಿ ಕೊರಾಪೊಲಿಸ್ ಎಂಬ ಹೆಸರು ಕಂಡು, ಬಾಡಿಗೆಗೆ ಕೋಣೆ ಎಲ್ಲಿ ಸಿಗುತ್ತದೆಂದು ಕೇಳಲು ಫೋನು ಮಾಡಿದಳು. ಎಮಿಲ್ ಇರಲಿಲ್ಲ. ಲೊರೇನ್ ಊಟಕ್ಕೆ ಕರೆದಳು. ಆಲೂಗಡ್ಡೆ ತುಂಬಿದ ಪಿರೋಗಿ ಕಡುಬು ಮಾಡಿ, ತಾನು ಎದುರಿಗೆ ಕೂತು ಮಂಜುಗಡ್ಡೆ ಚೀಪಿದಳು; ಆಲೂಗಡ್ಡೆ ಅವಳಿಗೆ ವಿಷ, ನೀರಿಗೂ ಅಳತೆ. ಎರಡನೇ ವಾರ ವ್ಯಾನು ಬರಲಿಲ್ಲ. ಬ್ರೀ ಕರೆದುಕೊಂಡು ಹೋದಳು. ಆಮೇಲೆ ಅದೇ ರೂಢಿಯಾಯಿತು. ಸಣ್ಣ ವಿಮಾನದ ಸಣ್ಣ ನೆಲೆಯಲ್ಲಿ ಅವಳ ನಂಬರಿಗೂ ಬೇಗ ಬೆಲೆ ಬಂತು. ನಾಲ್ಕನೇ ತಿಂಗಳಿಗೆ ಅವಳು ಕೇಳಿದ ರಜೆಗಳು ಸಿಗತೊಡಗಿದ್ದವು. ಅವಳು ಕೇಳುತ್ತಿದ್ದ ದಿನಗಳು ಸೋಮವಾರ, ಬುಧವಾರ, ಶುಕ್ರವಾರ.

ಈ ಸುದ್ದಿ ಕೇಳಿದಾಗ ಎಮಿಲ್‌ನ ಮನಸ್ಸು ಲೆಕ್ಕ ಹಾಕತೊಡಗಿತು. ಆ ಹುಡುಗಿ ಪಿಟ್ಸ್‌ಬರ್ಗಿನಲ್ಲಿದ್ದಾಳೆ ಎಂದ ಮೇಲೆ ಪಿಟ್ಸ್‌ಬರ್ಗ್ ಪಟ್ಟಿಯಲ್ಲಿತ್ತು ಎಂದಾಯಿತು. ಮೊದಲು ಆರಿಸಿದವನು ಯಾರೆಂಬುದೂ ಅವಳಿಗೆ ಗೊತ್ತು. ಮುಂದಿನ ಸಲ ಮನೆಗೆ ಹೋದಾಗ ಲೊರೇನ್‌ಳ ಮುಖವನ್ನು ಉಪಕರಣಗಳ ಫಲಕದಂತೆ ಗಮನಿಸಿದ. ಯಾವ ಮುಳ್ಳೂ ಅಲುಗಲಿಲ್ಲ. ಅವಳು ಶುಕ್ರವಾರದ ಚರ್ಚಿನ ಮೀನು ಊಟದ ಬಗ್ಗೆ ಮಾತಾಡಿದಳು, ನೆರೆಮನೆಯವರ ನಾಯಿಯ ಬಗ್ಗೆ ಮಾತಾಡಿದಳು. ತಾನೇ ಮುಂದಾಗಿ ಹೇಳಿಬಿಡಬೇಕೆಂದು ಎಮಿಲ್ ಎರಡು ಮೂರು ಸಲ ಗಂಟಲು ಸರಿಮಾಡಿಕೊಂಡ. ಅವಳು ಕೆಮ್ಮಿನ ಔಷಧಿ ತಂದುಕೊಟ್ಟಳು. ಬ್ರೀಗೂ ಅವಳಿಗೂ ಆ ಮಾತು ಬಂದೇ ಇರಲಿಕ್ಕಿಲ್ಲ ಎಂದು ಅವನು ನಂಬಿಕೊಂಡ. ಮನುಷ್ಯ ತನಗೆ ಅನುಕೂಲವಾದ್ದನ್ನು ನಂಬುವಾಗ ಸಾಕ್ಷಿ ಕೇಳುವುದಿಲ್ಲ.

ಸುಳ್ಳು ಹಾಗೇ ಉಳಿಯಿತು. ಅವನು ಪ್ರತಿ ತಿಂಗಳೂ ಬೇಡಿಕೆಯ ಮೊದಲ ಸಾಲಿನಲ್ಲಿ ಆ ಮೂರು ದಿನಗಳ ರಜೆ ಬರೆಯುತ್ತಿದ್ದ. ಕಂಪ್ಯೂಟರು ಅವನಿಗೆ ಮಂಗಳವಾರ, ಬುಧವಾರ, ಗುರುವಾರ ಕೊಡುತ್ತಿತ್ತು. ಬುಧವಾರಗಳಂದು ಅವನು ಹೆಬ್ಬೆರಳು ಕೊಟ್ಟ. ಸೋಮವಾರ ಒಂದೂ ಸಿಗಲಿಲ್ಲ.

ಬೀಗ ತೆರೆಯಲು ಎರಡು ತಿಂಗಳಿತ್ತು. ಆಗಸ್ಟ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಎಮಿಲ್ ಕ್ಯೂ ಗಾರ್ಡನ್ಸ್‌ನಲ್ಲಿ ಷೂ ಪಾಲಿಷ್ ಮಾಡುತ್ತಿದ್ದ. ಡಯಾಲಿಸಿಸ್‌ನವರಿಗೆ ಶನಿವಾರ ಭಾನುವಾರ ದಾಟಿ ಬರುವ ಸೋಮವಾರ ಭಾರ. ಎರಡು ದಿನದ ನೀರು ಮೈಯಲ್ಲೇ ನಿಂತಿರುತ್ತದೆ. ಲೊರೇನ್ ಕಿಟಕಿ ಕುರ್ಚಿಯಲ್ಲಿ ಕುಳಿತು, ಕಂಬಳಿ ಎಳೆದುಕೊಂಡು, ಬ್ರೀಯ ಹೆಬ್ಬೆರಳು ಹಿಡಿದಿದ್ದಳಂತೆ. ಸೂಜಿ ಚುಚ್ಚಿಯೂ ಆಗಿರಲಿಲ್ಲ. ಹೃದಯ ನಿಂತಿತು. ಫೋನು ಬಂದಾಗ ಎಮಿಲ್ ಕೆಲಸದ ಕರೆಯೆಂದುಕೊಂಡು ಅಟ್ಟಮಂಚದ ಏಣಿಯಲ್ಲಿ ತೂಗಿದ್ದ ಟೈ ಎಳೆದುಕೊಂಡೇ ಎತ್ತಿದ. ಆ ದಿನ ಕಂಪನಿ ಅವನನ್ನು ಕರೆಯಲಿಲ್ಲ. ಆ ವಾರವಿಡೀ ಯಾರಿಗೂ ಜ್ವರ ಬಂದಿರಲಿಲ್ಲ.

ಪಿಟ್ಸ್‌ಬರ್ಗಿಗೆ ಹೊರಟ ಮೊದಲ ವಿಮಾನದಲ್ಲಿ ಸೀಟಿರಲಿಲ್ಲ. ಚಾಲಕರ ಹಿಂದಿನ ಮಡಿಸುವ ಸೀಟು ಕೇಳಿದ. ಅದಕ್ಕೂ ಇಬ್ಬರಿದ್ದರು, ಇನ್ನೊಬ್ಬನ ನಂಬರು ಮೇಲಿತ್ತು. ಎಮಿಲ್ ಹಿಂದೆ ಸರಿದು ನಿಂತ. ಹೆಂಡತಿ ಸತ್ತಿದ್ದಾಳೆ ಎಂದಿದ್ದರೆ ಆ ಮನುಷ್ಯ ಬಿಟ್ಟುಕೊಡುತ್ತಿದ್ದ; ಅವರು ಕೆಟ್ಟ ಜನರಲ್ಲ. ಹೇಳಲು ಬಾಯಿ ಬರಲಿಲ್ಲ, ಅಷ್ಟೇ. ಎರಡನೆಯ ವಿಮಾನದಲ್ಲಿ ಹೋದ.

ಅಕ್ಟೋಬರಿನಲ್ಲಿ ಬೀಗ ತೆರೆಯಿತು. ಎಮಿಲ್ ಪಿಟ್ಸ್‌ಬರ್ಗ್ ಕೇಳಿದ. ಈಗಲೂ ಅದು ಯಾರಿಗೂ ಬೇಡದ ನೆಲೆ, ಕೇಳಿದ ಕೂಡಲೇ ಸಿಕ್ಕಿತು. ಡ್ವೇನ್ ನ್ಯೂಯಾರ್ಕಿನಿಂದ ಫೋನು ಮಾಡಿ, ಏನಾದರೂ ಬೇಕಿದ್ದರೆ ಹೇಳು ಎಂದ. ಯುದ್ಧವಿಮಾನದ ಮಾತು ಒಮ್ಮೆಯೂ ಎತ್ತಲಿಲ್ಲ. ಅದಕ್ಕಿಂತ ದೊಡ್ಡ ಸಂತಾಪ ಅವನಿಂದ ಯಾರೂ ನಿರೀಕ್ಷಿಸುವಂತಿರಲಿಲ್ಲ.

ತರಗತಿಯಲ್ಲಿ ಎಮಿಲ್ ಮೊದಲನೆಯವನು, ಬ್ರೀ ಕೊನೆಯವಳು. ಆದ್ದರಿಂದ ಅವನು ಪಿಟ್ಸ್‌ಬರ್ಗಿಗೆ ಬಂದ ಗಳಿಗೆಯಲ್ಲೇ ಅವಳು ಒಂದು ಮೆಟ್ಟಿಲು ಕೆಳಗಿಳಿದಳು. ನವೆಂಬರಿನ ಬೇಡಿಕೆ ಹಂಚಿಕೆಯಾದಾಗ ಎಮಿಲ್‌ಗೆ ಎಲ್ಲ ಸೋಮವಾರ, ಎಲ್ಲ ಬುಧವಾರ, ಎಲ್ಲ ಶುಕ್ರವಾರ ರಜೆ ಬಂತು. ಎರಡು ವರ್ಷದಿಂದ ಬರೆಯುತ್ತಿದ್ದ ಸಾಲನ್ನು ಅಳಿಸಲು ಅವನು ಮರೆತಿದ್ದ. ಬ್ರೀಯ ಕೈತಪ್ಪಿದ್ದು ಅವೇ ದಿನಗಳು.

ಅವಳಿಗೆ ಕ್ಷಮೆ ಕೇಳೋಣವೆಂದು ಊಟಕ್ಕೆ ಕರೆದ. ಲೊರೇನ್‌ಳ ಕಡುಬು ಮಾಡಲು ಹೋಗಿ ಹಿಟ್ಟು ಹರಿದು, ಕೊನೆಗೆ ಇಬ್ಬರೂ ಅಡುಗೆಮನೆಯ ಮೇಜಿನಲ್ಲಿ ಬ್ರೆಡ್ಡು, ತೆಳ್ಳಗೆ ಹೆರೆದ ಹಂದಿಮಾಂಸ ತಿಂದರು. ರಜೆ ಕಸಿದುಕೊಂಡೆ, ಮುಂದಿನ ತಿಂಗಳು ಬೇರೆ ಬರೀತೀನಿ ಎಂದ ಎಮಿಲ್. ಬೇಡ ಎಂದಳು ಬ್ರೀ. ಆ ದಿನಗಳಂದು ಈಗ ತನಗೂ ಹೋಗುವ ಜಾಗ ಇಲ್ಲವಲ್ಲ.

ಆಗ ಅವನು ಕೇಳಿದ. ಕೇಳಲು ಎರಡು ವರ್ಷ ತೆಗೆದುಕೊಂಡಿದ್ದ.

"ಆ ಪಟ್ಟಿ ವಿಷಯ ಅವಳಿಗೆ ಯಾವತ್ತಾದ್ರೂ ಹೇಳಿದ್ಯಾ, ಬ್ರೀ?"

ಬ್ರೀ ತಟ್ಟೆಯಲ್ಲಿದ್ದ ಬ್ರೆಡ್ಡಿನ ಅಂಚನ್ನು ಮುರಿದಳು. "ಮೊದಲನೇ ದಿನಾನೇ," ಎಂದಳು. "ನೀವು ಹೇಳಿಲ್ಲ ಅಂತ ನನಗೆ ಗೊತ್ತಿರಲಿಲ್ಲ ತಾತ, ಆಣೆ. ಈ ಊರು ಹ್ಯಾಗೆ ಸಿಕ್ತು ಅಂತ ಕೇಳಿದ್ರು. ಯಾರಿಗೂ ಬೇಡ ಇತ್ತು, ನನ್ನ ತಲೆ ಮೇಲೆ ಬಿತ್ತು ಅಂದೆ. ಮೊದಲು ಆರಿಸಿದ್ದು ಯಾರು ಅಂದ್ರು. ನಿಮ್ಮೋರೇ ಅಂದೆ."

ಎಮಿಲ್ ಕೈಯಲ್ಲಿದ್ದ ಬ್ರೆಡ್ಡನ್ನು ತಟ್ಟೆಯಲ್ಲಿಟ್ಟ.

"ಇನ್ನೆರಡು ಕಡುಬು ಬಡಿಸಿದ್ರು," ಎಂದಳು ಬ್ರೀ. "ಆಮೇಲೆ, ನನಗೆ ಗೊತ್ತು ಅಂತ ಅವನಿಗೆ ಹೇಳಬೇಡ ಮಗಾ ಅಂದ್ರು. ಅಷ್ಟು ಆಸೆಪಟ್ಟು ತಗೊಂಡಿದ್ದಾನೆ, ನಾಚಿಕೆ ಹೊತ್ಕೊಂಡು ಹಾರೋದು ಬೇಡ, ವಿಮಾನ ಭಾರ ಆಗುತ್ತೆ. ಹಂಗಂದು ನಕ್ಕರು. ನಾನೂ ನಕ್ಕೆ. ಕಾಯಿಲೆ ವಿಷಯ ಆವಾಗ ನನಗೆ ಇನ್ನೂ ಗೊತ್ತಿರಲಿಲ್ಲ."

ಹೊರಗೆ ನೆರೆಮನೆಯವರ ನಾಯಿ ಬೊಗಳುತ್ತಿತ್ತು. ಎಮಿಲ್ ಎದ್ದು ತಟ್ಟೆಗಳನ್ನು ತೊಳೆದ. ಎರಡು ತಟ್ಟೆ ತೊಳೆಯಲು ಅವನು ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದ. ಬ್ರೀ ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದಳು.

ಮುಂದಿನ ಸೋಮವಾರ ಅವನಿಗೆ ರಜೆ. ಬೆಳಿಗ್ಗೆ ಅಭ್ಯಾಸಬಲದಿಂದಲೋ ಏನೋ ಕಾರು ತೆಗೆದ. ಡಯಾಲಿಸಿಸ್ ಕೇಂದ್ರದವರು ಲೊರೇನ್‌ಳ ಕಂಬಳಿಯನ್ನು ತೊಳೆದು ಇಟ್ಟಿದ್ದೇವೆ, ಬಂದು ಒಯ್ಯಿರಿ ಎಂದು ಹೇಳಿಕಳಿಸಿ ಎರಡು ತಿಂಗಳಾಗಿತ್ತು. ಕಂಬಳಿ ತರುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡ. ಸಮವಸ್ತ್ರ ಬೇಕಿರಲಿಲ್ಲ, ಆದರೂ ಕೋಟು ಹಾಕಿ ಗುಂಡಿ ಹಾಕಿಕೊಂಡ.

ಕಾಯುವ ಕೋಣೆಯಲ್ಲಿ ದಪ್ಪ ಸ್ವೆಟರಿನ ಒಬ್ಬ ಮುದುಕ ತನ್ನ ಕಂಬಳಿಯನ್ನು ಮಡಿಲಲ್ಲಿಟ್ಟು, ಒಳಗೆ ಕರೆಯುವುದನ್ನು ಕಾಯುತ್ತ ಕುಳಿತಿದ್ದ. ಎಮಿಲ್ ಪಕ್ಕದಲ್ಲಿ ಕುಳಿತ. ಮುದುಕನಿಗೆ ಮಾತು ಬೇಕಾಗಿತ್ತು. ಹೊಸಬರೋ ಎಂದು ಕೇಳಿದ. ಅಲ್ಲ, ಒಂದು ಸಾಮಾನು ಒಯ್ಯಲು ಬಂದೆ ಎಂದ ಎಮಿಲ್.

"ನಾನು ಇಲ್ಲಿ ಹಳಬ," ಎಂದ ಮುದುಕ. ಬೆನ್ನು ನೆಟ್ಟಗಾಯಿತು. "ಹದಿನಾಲ್ಕು ತಿಂಗಳು ಬಾಗಿಲ ಹತ್ರ ಗಾಳೀಲಿ ಕೂತೆ. ಈಗ ಬೆಳಗಿನ ಪಾಳಿ, ಕಿಟಕಿ ಕುರ್ಚಿ. ಸುಮ್ನೆ ಸಿಗಲ್ಲ ಅದು. ಎಲ್ಲಾರೂ ಅದರ ಮೇಲೇ ಕಣ್ಣು."

ಆ ದನಿ ಎಮಿಲ್‌ಗೆ ಪರಿಚಿತ. ಸೇಂಟ್ ಲೂಯಿಸ್‌ನಲ್ಲಿ ಕೋಟಿನ ಗುಂಡಿ ಹಾಕಿಕೊಂಡು ಎದ್ದು ನಿಂತವನ ದನಿ.

"ಒಳ್ಳೇ ಕುರ್ಚಿ," ಎಂದ ಎಮಿಲ್. "ಅಲ್ಲಿಂದ ಏನು ಕಾಣುತ್ತೆ?"

"ಪಾರ್ಕಿಂಗು ಕಾಣುತ್ತೆ. ಮರ ಕಾಣುತ್ತೆ. ಮೋಡ ಇಲ್ದಿದ್ರೆ ವಿಮಾನ ಇಳಿಯೋದು ಕಾಣುತ್ತೆ. ಮುಂಚೆ ಅಲ್ಲಿ ಕೂರ್ತಿದ್ದ ಹೆಂಗಸು ಒಂದೊಂದನ್ನೂ ಎಣಿಸೋಳಂತೆ, ನರ್ಸ್ ಹೇಳ್ತಿದ್ಲು."

ಎಮಿಲ್ ಕೋಟಿನ ಗುಂಡಿ ಬಿಚ್ಚಿದ. "ದೊಡ್ಡದು ಕಾಣುತ್ತಾ?" ಎಂದು ಕೇಳಿದ.

"ಯಾವ ದೊಡ್ಡದು? ಇಲ್ಲಿಗೆ ದೊಡ್ಡದು ಎಲ್ಲಿ ಬರುತ್ತೆ," ಎಂದ ಮುದುಕ. "ಎಲ್ಲಾ ಸಣ್ಣವೇ."

ಒಳಗಿನಿಂದ ಮುದುಕನ ಹೆಸರು ಕರೆದರು. ಅವನು ಕಂಬಳಿ ಎತ್ತಿಕೊಂಡು ಎದ್ದ. ಏಳುವಾಗ ಮೊಣಕಾಲು ಸೋತಿತು. ಎಮಿಲ್ ಕೈ ಕೊಟ್ಟ. ಮುದುಕ ಅವನ ಹೆಬ್ಬೆರಳನ್ನು ಹಿಡಿದುಕೊಂಡು ನಿಂತ, ಸರಿಯಾಗಿ ಕಾಲೂರುವ ತನಕ.